ಎರಡು ನಿಮಿಷ ಹತ್ತನೇ ಸೆಕೆಂಡಿನ ನಗು

ಅವನ ಹೆಸರು ಮಂಜುನಾಥನೋ ಮಂಜಯ್ಯನೋ ಇರಬೇಕು ಅಂತ ಗಿರಾಕಿಗಳೆಲ್ಲ ತಿಳಿದುಕೊಂಡಿದ್ದರು. ಎರಡೂ ಅಲ್ಲ. ಮಂಜಣ್ಣ ಅನ್ನುವುದು ನಾದಿನಿ ಇಟ್ಟ ಅಡ್ಡಹೆಸರು. ಯಾವ ವಿಡಿಯೊ ಕೈಗೆ ಬಂದರೂ ಅದಕ್ಕೊಂದಿಷ್ಟು ಮಂಜು ಹಾಯಿಸದೆ ಹೊರಗೆ ಬಿಡುವ ಜಾತಿಯವನಲ್ಲ ಅವನು. ಮದುಮಗಳು ಮೆಟ್ಟಿಲಿಳಿದರೆ ಮಂಜು, ಮಗು ಕೇಕಿನ ಮುಂದೆ ಕೂತರೆ ಮಂಜು. ಒಮ್ಮೆ ಹಲ್ಲಿನ ಡಾಕ್ಟರೊಬ್ಬರ ಜಾಹೀರಾತಿಗೂ ಧಾರಾಳವಾಗಿ ಮಂಜು ಹಾಕಿದ್ದ. ತೋರಿಸಬೇಕಾದ ಹಲ್ಲೇ ಕಾಣದೆ ಡಾಕ್ಟರು ಸ್ವತಃ ಅಂಗಡಿಗೆ ಬಂದು, ಬಾಯಿ ಅಗಲ ಮಾಡಿ, "ಇದನ್ನ ತೋರಿಸಬೇಕಿತ್ತಪ್ಪಾ" ಅಂತ ಬೆರಳಿಟ್ಟು ಹೇಳಿ ಹೋಗಿದ್ದರು. ಅವತ್ತು ಅಲ್ಲೇ ಬೆಂಚಿನ ಮೇಲೆ ಕೂತಿದ್ದ ನಾದಿನಿ ಈ ಹೆಸರಿಟ್ಟಳು. ಇಟ್ಟದ್ದು ಅಂಟಿಕೊಂಡಿತು.

ಅಂಗಡಿ ಅಂದರೆ ಬೀಗದ ಕೈ ಮಾಡುವವನ ಮಳಿಗೆಯ ಮೇಲಿನ ಒಂದು ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಮೇಜಿನ ಮೇಲೆ ಎರಡು ಪರದೆ, ಗಿರಾಕಿಗಳಿಗೆ ಒಂದು ಬೆಂಚು. ಕೆಳಗೆ ಕೀಲಿ ಉಜ್ಜುವ ಯಂತ್ರ ಶುರುವಾದರೆ ಮೇಲೆ ಟೀ ಲೋಟ ತಾನಾಗಿಯೇ ಮೇಜಿನ ಅಂಚಿಗೆ ನಡೆದುಕೊಂಡು ಬರುತ್ತಿತ್ತು. ಅಲ್ಲಿ ಹತ್ತೊಂಬತ್ತು ವರ್ಷದಿಂದ ಕೂತು ಮಂಜಣ್ಣ ಊರವರ ಸಂಭ್ರಮಗಳನ್ನು ಕತ್ತರಿಸಿ ಅಂಟಿಸುತ್ತಿದ್ದ. ಹೆಂಡತಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮದುವೆಯಾಗಿ ಇಪ್ಪತ್ತಾರು ವರ್ಷ. ಮನೆಯಲ್ಲಿ ಇರುವವರು ಅವರಿಬ್ಬರೇ. ನಾದಿನಿ ಎರಡು ಬೀದಿ ಆಚೆ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದರೂ, ಭಾವನ ಕಾಲೆಳೆಯಲು ದಿನಕ್ಕೊಮ್ಮೆ ಬಿಡುವು ಮಾಡಿಕೊಂಡು ಬರುತ್ತಿದ್ದಳು.

ಹೋದ ವರ್ಷ ಒಂದು ಸಂಜೆ ಹೆಂಡತಿ ಚಪ್ಪಲಿ ಬಿಡುತ್ತಲೇ, "ನಾನೂ ತಂಗೀನೂ ಸೇರಿ ಡಾನ್ಸ್ ಕ್ಲಾಸಿಗೆ ಹೆಸರು ಕೊಟ್ಟು ಬಂದ್ವಿ" ಅಂದಳು.

"ಯಾರ ಮಕ್ಕಳ ಹೆಸರು?" ಅಂದ ಮಂಜಣ್ಣ.

"ನಮ್ಮದೇ ರೀ."

ಅವನು ನಕ್ಕ. ಕೆಟ್ಟ ನಗುವಲ್ಲ, ಆದರೂ ಸ್ವಲ್ಪ ಉದ್ದವಾಯಿತು. ಹೆಂಡತಿ ಒಳಗೆ ಹೋಗಿ ಹಾಲು ಕಾಯಿಸಲು ಇಟ್ಟಳು. ಅವತ್ತಿನಿಂದ ಆ ಅಡುಗೆಮನೆಯಲ್ಲಿ ಹಾಲು ಉಕ್ಕುವ ತನಕ ಅವಳ ಕಾಲು ಸುಮ್ಮನಿರಲಿಲ್ಲ. "ಏನೇ, ಇರುವೆ ತುಳೀತಿದ್ದೀಯಾ?" ಅಂತ ಇವನು ಪಡಸಾಲೆಯಿಂದ ಕೇಳುವುದು, "ಹೌದು, ನೀವು ಚೆಲ್ಲಿದ ಸಕ್ಕರೆಗೆ ಬಂದಿದ್ದು" ಅಂತ ಅವಳು ಒಳಗಿನಿಂದ ಹೇಳುವುದು, ಹೀಗೆ ಎಂಟು ತಿಂಗಳು ನಡೆಯಿತು. ಎಂಟು ತಿಂಗಳಾದ ಮೇಲೆ ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ, ಒಂದು ಭಾನುವಾರ ಮಧ್ಯಾಹ್ನ ಮೂರಕ್ಕೆ, ಇವರ ನೃತ್ಯ ಅಂತ ಗೊತ್ತಾಯಿತು. ಆರು ಜನ ಹೆಂಗಸರು. ಚಿತ್ರೀಕರಣ ಮಂಜಣ್ಣನದು, ಮನೆಯಲ್ಲೇ ಮನುಷ್ಯ ಇರುವಾಗ ಹೊರಗಿನವರು ಯಾಕೆ?

ಮಂಜಣ್ಣ ಕೆಲಸದಲ್ಲಿ ಚೊಕ್ಕ. ಒಂದು ಗಂಟೆ ಮೊದಲೇ ಹೋಗಿ ಮುಂದಿನ ಸಾಲಿನ ಎಡತುದಿಯಲ್ಲಿ ಟ್ರೈಪಾಡ್ ನಿಲ್ಲಿಸಿದ. ವೇದಿಕೆ ಮೊಣಕಾಲೆತ್ತರದ್ದು, ಹತ್ತಿರದ್ದು. ಆರೂ ಜನ ಹಿಡಿಸುವ ಹಾಗೆ ಚೌಕಟ್ಟು ಕಟ್ಟಿದ, ಬೆಳಕು ನೋಡಿಕೊಂಡ, ಗುಂಡಿ ಒತ್ತಿದ. ಕೆಂಪು ದೀಪ ಹೊತ್ತಿಕೊಂಡಿತು. ಇನ್ನು ಕ್ಯಾಮೆರಾ ನೋಡಿಕೊಳ್ಳುತ್ತದೆ ಅಂದುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತ. ಕುರ್ಚಿಗೆ ಮೆತ್ತೆ ಇತ್ತು. ಸಭಾಂಗಣ ತಂಪಾಗಿತ್ತು. ಮಧ್ಯಾಹ್ನದ ಊಟ ಸ್ವಲ್ಪ ಹೆಚ್ಚೇ ಆಗಿತ್ತು. ಆರು ಜನ ನೀಲಿ ಶಾಲು ಹೊದ್ದು, ಬೆನ್ನು ತೋರಿಸಿಕೊಂಡು ಬಂದು ನಿಂತದ್ದನ್ನು ಕಂಡ. ಒಂದು ಕೈ ನಿಧಾನವಾಗಿ ಮೇಲೆದ್ದಿತು, ಅದನ್ನೂ ಕಂಡ.

ಆಮೇಲೆ ಕೇಳಿಸಿದ್ದು ಚಪ್ಪಾಳೆ.

ಮಂಜಣ್ಣ ಧಡಕ್ಕನೆ ನೆಟ್ಟಗೆ ಕೂತು ಎಲ್ಲರಿಗಿಂತ ಜೋರಾಗಿ ತಟ್ಟಿದ. ಕೆಂಪು ದೀಪ ಉರಿಯುತ್ತಲೇ ಇತ್ತು. ಸದ್ಯ ಬದುಕಿದೆ ಅಂದುಕೊಂಡ. ಹಿಂದಿನ ಸಾಲಿನವರೆಲ್ಲ ಕತ್ತಲಲ್ಲಿದ್ದರು, ಯಾರೂ ನೋಡಿರಲಾರರು. ಬೆವರು ಒರೆಸಿಕೊಳ್ಳುತ್ತಾ ವೇದಿಕೆಯ ಹಿಂದೆ ಬಂದಾಗ ಹೆಂಡತಿ, ನಾದಿನಿ ಇಬ್ಬರೂ ಶಾಲು ಮಡಿಸುತ್ತಿದ್ದರು.

"ಹೇಗಿತ್ತು ರೀ?"

"ಅದ್ಭುತ!"

"ಯಾವ ಭಾಗ ತುಂಬಾ ಹಿಡಿಸ್ತು ಭಾವ?" ಅಂದಳು ನಾದಿನಿ.

ಮಂಜಣ್ಣ ಹತ್ತೊಂಬತ್ತು ವರ್ಷದಲ್ಲಿ ನೂರಾರು ಗುಂಪು ನೃತ್ಯ ಕತ್ತರಿಸಿದವನು. ಯಾವ ಗುಂಪೇ ಆಗಲಿ, ಒಂದು ಸಲ ಎಲ್ಲರೂ ಒಂದೇ ಸಾಲಿಗೆ ಬಂದೇ ಬರುತ್ತಾರೆ. "ಎಲ್ಲರೂ ಒಂದೇ ಸಾಲಲ್ಲಿ ಮುಂದೆ ಬರ್ತೀರಲ್ಲ, ಅದು" ಅಂದ.

"ಅಕ್ಕಾ, ನಾವು ಸಾಲಲ್ಲಿ ಬಂದ್ವಾ?"

"ಬಂದಿರಬೇಕು ಕಣೇ. ಇವರು ನೋಡಿದಾರಲ್ಲ" ಅಂದಳು ಹೆಂಡತಿ, ಶಾಲಿನ ತುದಿಗೆ ತುದಿ ಕೂಡಿಸುತ್ತಾ.

ಬಸ್ಸಿನಲ್ಲಿ ಮನೆಗೆ ಬರುವಾಗ ಅವಳು ಕಿಟಕಿಯ ಕಡೆಗೇ ನೋಡುತ್ತಿದ್ದಳು. ದಣಿದಿದ್ದಾಳೆ ಅಂದುಕೊಂಡ.

ಮೂರು ದಿನ ಬಿಟ್ಟು ಡಾನ್ಸ್ ಮೇಡಂ ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಅರವತ್ತು ದಾಟಿದ ಹೆಂಗಸು. ನಿಂತರೆ ಗೋಡೆಗೆ ಒರಗುವವರಲ್ಲ, ಕೂತರೆ ಬೆಂಚಿಗೆ ಒರಗುವವರಲ್ಲ. ಇನ್ನು ಮೂರು ವಾರಕ್ಕೆ ತಮ್ಮ ನೃತ್ಯಶಾಲೆ ತೆರೆದು ಹತ್ತು ವರ್ಷ ತುಂಬುತ್ತದೆ, ಅವತ್ತು ದೊಡ್ಡ ಪರದೆಯ ಮೇಲೆ ಈ ನೃತ್ಯವನ್ನು ತೋರಿಸಬೇಕು ಅಂದರು.

"ಇದು ಏನು ಅಂತ ನಿಮಗೆ ಗೊತ್ತಲ್ಲ. ನದಿ ಸಮುದ್ರವನ್ನ ಇನ್ನೂ ನೋಡಿಲ್ಲ, ಕನಸಲ್ಲಿ ಕಾಣುತ್ತೆ. ವಿಡಿಯೊನೂ ಕನಸಿನ ಹಾಗೇ ಇರಬೇಕು ಮಂಜಣ್ಣ."

"ಕನಸು ತಾನೇ ಮೇಡಂ? ನನಗೆ ಬಿಡಿ."

"ಬಿಟ್ಟೆ" ಅಂದರು ಮೇಡಂ. "ಕನಸಿನ ವಿಷಯದಲ್ಲಿ ನಿಮ್ಮನ್ನ ಬಿಟ್ಟರೆ ಇನ್ಯಾರು?" ಆ ಮಾತನ್ನು ಮಂಜಣ್ಣ ಹೊಗಳಿಕೆ ಅಂತಲೇ ತೆಗೆದುಕೊಂಡ.

ಮಾರನೇ ಬೆಳಿಗ್ಗೆಯೇ ಕೆಲಸಕ್ಕೆ ಕೂತ. ಮೊದಲು ಕ್ಯಾಮೆರಾದ ಸದ್ದನ್ನು ಮುಚ್ಚಿ, ಮೇಡಂ ಕೊಟ್ಟ ಹಾಡನ್ನು ಕೂಡಿಸಿದ. ಚಿತ್ರದ ವೇಗ ಅರ್ಧಕ್ಕೆ ಇಳಿಸಿದ. ಬಿಳುಪು ಇದ್ದ ಕಡೆ ಬೆಳಕು ಉಕ್ಕಿ ಹರಿಯುವ ಹಾಗೆ ಮಾಡಿದ. ಬೀಸಿದ ಕೈಯ ಹಿಂದೆ ಅದೇ ಕೈಯ ಏಳು ನೆರಳು ಒಂದೊಂದಾಗಿ ಬಂದು ಸೇರುವ ಎಫೆಕ್ಟ್ ಹಾಕಿದ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತನ್ನು ಅರೆಬರೆಯಾಗಿ ಹೊದಿಸಿದ. ಕೊನೆಗೆ ಕೈ ತಾನಾಗಿಯೇ ಆ ಹಳೆಯ ಕಡೆಗೆ ಹೋಯಿತು. ಕೆಳಗಿನಿಂದ ಮೇಲಕ್ಕೆ ಹದವಾಗಿ ಮಂಜು ಹಾಯಿಸಿದ. ಎರಡು ದಿನದಲ್ಲಿ ಮುಗಿಯಿತು. ಶಾಲೆ ಬಿಟ್ಟ ಮೇಲೆ ಹೆಂಡತಿಯೂ, ಅವಳ ಹಿಂದೆ ನಾದಿನಿಯೂ ಬಂದು ಬೆಂಚಿನ ಮೇಲೆ ಕೂತರು. ಮಂಜಣ್ಣ ದೀಪ ಆರಿಸಿ ಚಾಲೂ ಮಾಡಿದ.

ನಾದಿನಿ ಕಣ್ಣು ಕಿರಿದು ಮಾಡಿಕೊಂಡು ಮುಂದಕ್ಕೆ ಬಾಗಿದಳು.

"ಭಾವ, ಇದರಲ್ಲಿ ನಾನು ಯಾರು?"

"ಬಲಗಡೆಯಿಂದ ಎರಡನೇದು."

"ಅದು ವೇದಿಕೆ ಹಿಂದಿನ ಪರದೆ ಅಲ್ವಾ?"

"ಪರದೆಯ ಮುಂದೆ ಇದೀಯಲ್ಲ, ಸರಿಯಾಗಿ ನೋಡು."

"ನಾನು ದಿನಾ ಜನರ ಕಣ್ಣು ಪರೀಕ್ಷೆ ಮಾಡೋಳು ಭಾವ. ಇದು ಕಣ್ಣಿನ ತಪ್ಪಲ್ಲ" ಅಂದಳು ನಾದಿನಿ. "ಇದನ್ನ ತೋರಿಸಿದ್ರೆ ಮಾರನೇ ದಿನ ಸಭಾಂಗಣದವರೆಲ್ಲ ನನ್ನ ಅಂಗಡಿಗೆ ಬರ್ತಾರೆ."

ಹೆಂಡತಿ ಮಾತ್ರ ಕೊನೆಯವರೆಗೂ ನೋಡಿದಳು. ಆಮೇಲೆ, "ಕನಸು ಅಂದ್ರೆ ಹೀಗಿರುತ್ತಾ ರೀ? ಇದು ಜ್ವರ ಬಂದ ಹಾಗಿದೆ" ಅಂದಳು.

ಮಂಜಣ್ಣನ ಮುಖ ಬಾಡಿತು. "ಕನಸು ಅಂದ್ರೆ ಮಸುಕಾಗೇ ಇರಬೇಕು ಕಣೇ. ಎಲ್ಲರೂ ಹೀಗೇ ಮಾಡೋದು."

"ನನ್ನ ಕನಸು ಯಾವತ್ತೂ ಮಸುಕಾಗಿರಲ್ಲಪ್ಪ. ಮೊನ್ನೆ ಒಂದು ಕನಸು ಬಿತ್ತು. ಪರೀಕ್ಷೆ ನಡೀತಿದೆ, ಒಂದೊಂದು ಹುಡುಗಿಯ ಮುಖಾನೂ ಸ್ಪಷ್ಟ, ಗಡಿಯಾರದ ಮುಳ್ಳೂ ಕಾಣ್ತಿದೆ. ಆದ್ರೆ ಪ್ರಶ್ನೆಪತ್ರಿಕೆ ಹಂಚೋಕೆ ಮುಂಚೆ ಎಲ್ಲರೂ ಉತ್ತರ ಬರೆದು ಎದ್ದು ಹೋಗ್ತಿದಾರೆ. ಕಾಣೋದೆಲ್ಲ ಕಣ್ಣಿಗೆ ಕಟ್ಟಿದ ಹಾಗೆ ಇರುತ್ತೆ, ಯಾವುದು ಮುಂಚೆ ಯಾವುದು ಆಮೇಲೆ ಅನ್ನೋದು ಮಾತ್ರ ತಪ್ಪಿರುತ್ತೆ." ಅವಳು ಚೀಲ ಹೆಗಲಿಗೆ ಹಾಕಿಕೊಂಡಳು. "ಬೇರೆಯವರ ಮಾತು ಯಾಕೆ? ಅವತ್ತು ಮುಂದಿನ ಸಾಲಲ್ಲಿ ಕೂತು ನೀವೇನು ಕಂಡ್ರೋ, ಅದನ್ನೇ ಹಾಕಿ."

ನಾದಿನಿಗೆ ಟೀ ಗಂಟಲಲ್ಲಿ ಸಿಕ್ಕಿಕೊಂಡಿತು. ಅಕ್ಕ ಬೆನ್ನಿಗೆ ಗುದ್ದಿ ಕರೆದುಕೊಂಡು ಹೋದಳು.

ಅವರು ಹೋದ ಮೇಲೆ ಮಂಜಣ್ಣ ಸ್ವಲ್ಪ ಹೊತ್ತು ಮುನಿಸಿಕೊಂಡು ಕೂತಿದ್ದ. ಮುನಿಸು ಇಳಿದ ಮೇಲೆ ಆ ಮಾತು ಉಳಿಯಿತು. ತನ್ನ ಕನಸುಗಳನ್ನೇ ನೆನೆಸಿಕೊಂಡು ನೋಡಿದ: ಸತ್ತುಹೋದ ಅಪ್ಪ ಬಂದರೆ ಅಂಗಿಯ ಗುಂಡಿ ಸಮೇತ ಕಾಣುತ್ತಾನೆ. ಎಲ್ಲಿಯ ಮಂಜು?

ಹಾಗಾದರೆ ಮುಖ ಸ್ಪಷ್ಟ ಇರಬೇಕು, ಸುತ್ತಲಿನದು ಮಾತ್ರ ಕಳಚಿಹೋಗಬೇಕು. ನೃತ್ಯದ ನಡುವೆ, ಎರಡನೇ ನಿಮಿಷ ಮುಗಿದ ಕೂಡಲೇ, ವಾದ್ಯಗಳೆಲ್ಲ ನಿಂತು ಬರೀ ಒಂದು ಕೊಳಲು ಉಳಿಯುವ ಜಾಗ ಇತ್ತು. ಅಲ್ಲಿ ಹೆಂಡತಿಯೊಬ್ಬಳೇ ಮುಂದೆ ಬರುತ್ತಾಳೆ. ಅಲ್ಲಿಂದ ಇಪ್ಪತ್ತು ಸೆಕೆಂಡು, ವೇದಿಕೆ ಇಲ್ಲ, ಗೋಡೆ ಇಲ್ಲ, ಅವಳೊಬ್ಬಳೇ ನೀರಿನ ಮೇಲೆ ನಡೆದ ಹಾಗೆ ಮಾಡಿದರೆ? ಅದಕ್ಕೆ ಅವಳನ್ನು ಹಿನ್ನೆಲೆಯಿಂದ ಬಿಡಿಸಿ ತೆಗೆಯಬೇಕು. ಕಂಪ್ಯೂಟರಿಗೆ ಹೇಳಿದರೆ ಅದೇ ಬಿಡಿಸುತ್ತದೆ. ಆದರೆ ಹಿಂದಿನ ಪರದೆಯೂ ನೀಲಿ, ಅವಳ ಶಾಲೂ ನೀಲಿ. ಕಂಪ್ಯೂಟರು ಒಮ್ಮೆ ಅವಳ ತೋಳು ತಿಂದಿತು, ಇನ್ನೊಮ್ಮೆ ಅವಳಿಗೆ ಪರದೆಯಿಂದ ಬಾಲ ಹಚ್ಚಿತು. ಕೈಯಲ್ಲೇ ಗೆರೆ ಎಳೆಯದೆ ಗತ್ಯಂತರ ಇರಲಿಲ್ಲ.

"ಸೆಕೆಂಡಿಗೆ ಎಷ್ಟು ಚಿತ್ರ?" ಅಂದಳು ಹೆಂಡತಿ, ರಾತ್ರಿ ಊಟಕ್ಕೆ ಕೂತಾಗ.

"ಐವತ್ತು."

"ಸಾವಿರ ಸಲ ನನ್ನ ಸುತ್ತ ಗೆರೆ ಎಳೀಬೇಕು. ದಿನಕ್ಕೆ ಇನ್ನೂರು ಅಂದ್ರೂ ಐದು ದಿನ" ಅಂದಳು, ಸಾರು ಬಡಿಸುತ್ತಾ. "ಮದುವೆಗೆ ಮುಂಚೆ ಒಂದು ಸಲಾನೂ ಹಿಂದೆ ಸುತ್ತಲಿಲ್ಲ. ಈಗ ನೋಡಿ."

ಐದು ದಿನ ಮಂಜಣ್ಣ ಬೆಳಿಗ್ಗೆ ಒಂಬತ್ತರಿಂದ ಕೂತು ಹೆಂಡತಿಯ ಅಂಚನ್ನು ತಿದ್ದಿದ. ಕೆನ್ನೆ, ಕಿವಿ, ಕತ್ತು, ಹೆಗಲು, ಶಾಲಿನ ಮಡಿಕೆ, ಮೊಣಕೈ, ಮತ್ತೆ ಮೊದಲಿಂದ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ. ಆ ಕೂದಲೆಳೆಯಲ್ಲೇ ಅವಳು ನಡೆಯುತ್ತಿದ್ದಳು. ಮೊದಲ ದಿನ ಅವನಿಗೆ ಬರೀ ಗೆರೆ ಕಾಣಿಸಿತು. ಎರಡನೇ ದಿನ ಅವಳ ತುಟಿ ಅಲುಗುವುದು ಗೊತ್ತಾಯಿತು. ಲೆಕ್ಕ! ವೇದಿಕೆಯ ಮೇಲೂ ಹೆಂಡತಿ ಎಣಿಸುತ್ತಿದ್ದಳು. ಇಪ್ಪತ್ತಾರು ವರ್ಷ ಕಪ್ಪುಹಲಗೆಯ ಮೇಲೆ ಬರೆದು ಬರೆದು ಅವಳ ಬಲ ಹೆಗಲು ಎಡಕ್ಕಿಂತ ಒಂದು ಚೂರು ಮೇಲಿದೆ. ಅದನ್ನು ಅವನು ಇವತ್ತಿನವರೆಗೂ ಕಂಡಿರಲಿಲ್ಲ. ಮೂರನೇ ದಿನ ಅವಳ ಕಾಲು ನೆಲಕ್ಕಿಳಿಯುವ ರೀತಿ ನೋಡಿ ಟೀ ಮರೆತ. ಹೆಬ್ಬೆರಳು ಮೊದಲು ನೆಲವನ್ನು ಕೇಳುತ್ತದೆ, ಆಮೇಲೆ ಪಾದ ಇಳಿಯುತ್ತದೆ. ಅಡುಗೆಮನೆಯಲ್ಲಿ ಇರುವೆ ತುಳಿಯುತ್ತಿದ್ದವಳು ಇವಳೇನಾ ಅನ್ನಿಸಿತು.

ಐನೂರನೇ ಚಿತ್ರದ ಸುಮಾರಿಗೆ, ಎರಡು ನಿಮಿಷ ಹತ್ತನೇ ಸೆಕೆಂಡಿನಲ್ಲಿ, ಅವಳು ನಕ್ಕಳು.

ನೃತ್ಯದ ನಗುವಲ್ಲ ಅದು. ನೃತ್ಯದ ನಗು ಹೇಗಿರುತ್ತದೆ ಅಂತ ಅವನಿಗೆ ಗೊತ್ತು. ಇಸ್ತ್ರಿ ಹಾಕಿದ ಹಾಗಿರುತ್ತದೆ. ಇದು ಮೊದಲು ಕಣ್ಣಿನ ಮೂಲೆಯಲ್ಲಿ ಶುರುವಾಗಿ, ತುಟಿ ತಡೆಯಲು ನೋಡಿ, ತಡೆಯಲಾಗದೆ ಅರಳಿದ ನಗು. ಅವಳ ಎಣಿಕೆಯೂ ಅಲ್ಲೇ ನಿಂತಿತ್ತು. ನೋಟ ಕ್ಯಾಮೆರಾದ ಕಡೆಗಿರಲಿಲ್ಲ, ಅದರ ಪಕ್ಕಕ್ಕೆ, ಸ್ವಲ್ಪ ಕೆಳಕ್ಕೆ. ಅಲ್ಲಿ ಯಾರಿದ್ದರು? ಮಂಜಣ್ಣ ಲೆಕ್ಕ ಹಾಕಿ ನೋಡಿದ. ಅಲ್ಲಿ ಇದ್ದದ್ದು ಒಂದೇ ಕುರ್ಚಿ. ತನ್ನದು.

ಅವನ ಎದೆ ಹೂವಾಯಿತು. ಇಪ್ಪತ್ತಾರು ವರ್ಷ ಸಂಸಾರ ಮಾಡಿ, ತುಂಬಿದ ಸಭೆಯಲ್ಲಿ, ಕುಣಿಯುತ್ತಾ ಕುಣಿಯುತ್ತಾ ಹೆಂಡತಿ ಗಂಡನನ್ನು ಕಂಡು ಹೀಗೆ ನಗುವುದು ಅಂದರೆ! ತಾನು ನಿದ್ದೆ ಹೋಗಿದ್ದೆ ಅನ್ನುವುದು ನೆನಪಿಗೆ ಬರಲಿಲ್ಲ ಅಂತಲ್ಲ, ಬಂದಿತು. ಆದರೆ ಆ ಹೊತ್ತಿಗೆ ಬಹುಶಃ ಎಚ್ಚರವೇ ಇತ್ತೇನೋ ಅಂತ ತನ್ನನ್ನೇ ತಾನು ಒಪ್ಪಿಸಿಕೊಂಡ. ಕತ್ತಲಲ್ಲಿ ಕಣ್ಣು ಮುಚ್ಚಿದ್ದು ಅವಳಿಗೆ ಕಾಣಿಸಿರಲಿಕ್ಕೂ ಇಲ್ಲ. ಈ ನಗುವೇ ಇಡೀ ವಿಡಿಯೊದ ಜೀವ ಅಂತ ತೀರ್ಮಾನಿಸಿ, ಆ ಒಂದೂವರೆ ಸೆಕೆಂಡನ್ನು ಎಂಟು ಸೆಕೆಂಡಿಗೆ ಎಳೆದ. ಅವತ್ತು ಮನೆಗೆ ಹೋಗುವಾಗ ಹೆಂಡತಿಗೆ ಇಷ್ಟವಾದ ಬಿಸ್ಕತ್ತು ಕಟ್ಟಿಸಿಕೊಂಡು ಹೋದ.

"ಏನು ವಿಶೇಷ?" ಅಂದಳು.

"ಏನಿಲ್ಲ, ಸುಮ್ನೆ" ಅಂದ ಮಂಜಣ್ಣ, ಹದಿನೆಂಟರ ಹುಡುಗನ ಹಾಗೆ ನೆಲ ನೋಡುತ್ತಾ. ಹೆಂಡತಿ ಅವನ ಹಣೆ ಮುಟ್ಟಿ ನೋಡಿದಳು.

ಆರನೇ ದಿನ ಬೆಳಿಗ್ಗೆ ಅವನಿಗೆ ಇನ್ನೊಂದು ಹೊಳೆಯಿತು. ಬರೀ ಕೊಳಲು ಇರುವ ಆ ಜಾಗದಲ್ಲಿ ಅವಳ ಹೆಜ್ಜೆಯ ಸದ್ದೂ ಕೇಳಿಸಿದರೆ? ಮರದ ಹಲಗೆಯ ಮೇಲೆ ಬರಿಗಾಲು. ಕ್ಯಾಮೆರಾದ ಸದ್ದಿನಲ್ಲಿ ಅದು ಇದ್ದೇ ಇರಬೇಕು. ಮೊದಲ ದಿನವೇ ಮುಚ್ಚಿಟ್ಟಿದ್ದ ಆ ಸದ್ದನ್ನು ತೆರೆದು, ಎರಡನೇ ನಿಮಿಷಕ್ಕೆ ಹೋಗಿ, ಕಿವಿಗೆ ಹೆಡ್‌ಫೋನ್ ಏರಿಸಿ ಚಾಲೂ ಮಾಡಿದ.

ಕೊಳಲು ಬಂತು. ದೂರದಲ್ಲಿ ಯಾರೋ ಕೆಮ್ಮಿದರು. ಆಮೇಲೆ, ಕಿವಿಯ ಬುಡದಲ್ಲೇ, ಯಾರೋ ಮೇಜು ಎಳೆದ ಸದ್ದು. ಮಂಜಣ್ಣ ಬೆಚ್ಚಿ ಹಿಂದೆ ನೋಡಿದ. ಕೋಣೆಯಲ್ಲಿ ಯಾರೂ ಇಲ್ಲ. ಕೆಳಗಿನವನ ಯಂತ್ರವೇ ಅಂದುಕೊಂಡ. ಹೆಡ್‌ಫೋನ್ ತೆಗೆದರೆ ನಿಶ್ಶಬ್ದ, ಹಾಕಿಕೊಂಡರೆ ಮತ್ತೆ ಅದೇ. ಗೊರ್‌ರ್... ಪುಸ್. ಗೊರ್‌ರ್... ಪುಸ್. ಕ್ಯಾಮೆರಾ ಇದ್ದದ್ದು ಅವನ ಕುರ್ಚಿಗೆ ಅಂಟಿಕೊಂಡು. ಅದರ ಮೈಕು ಯಜಮಾನನನ್ನು ಬಹಳ ನಿಷ್ಠೆಯಿಂದ ಕೇಳಿಸಿಕೊಂಡಿತ್ತು.

ನೆಲ ಬಾಯಿ ಬಿಟ್ಟರೆ ಒಳಗೆ ಹೋಗುತ್ತಿದ್ದ, ಆದರೆ ಕೆಳಗೆ ಬೀಗದ ಅಂಗಡಿ ಇತ್ತು. ಎರಡು ನಿಮಿಷ ಎಂಟನೇ ಸೆಕೆಂಡಿನಲ್ಲಿ ಒಂದು ದೊಡ್ಡ ಗೊರಕೆ. ಒಂಬತ್ತರಲ್ಲಿ ಪುಸ್. ಹತ್ತರಲ್ಲಿ ಹೆಂಡತಿಯ ನಗು. ಈಗ ಉಳಿದ ಐವರನ್ನೂ ಹಿಗ್ಗಿಸಿ ನೋಡಿದ. ಹಿಂದಿನ ಸಾಲಿನಲ್ಲಿದ್ದ ನಾದಿನಿ ಶಾಲಿನ ಅಂಚು ಕಚ್ಚಿಕೊಂಡಿದ್ದಳು. ಅವಳ ಪಕ್ಕದ ಎತ್ತರದ ಹೆಂಗಸಿನ ಹೆಗಲು ಕುಲುಕುತ್ತಿತ್ತು, ಅದು ನೃತ್ಯದ ಅಲೆ ಅಂತ ಇಷ್ಟು ದಿನ ಅಂದುಕೊಂಡಿದ್ದ. ಇಡೀ ವೇದಿಕೆಗೆ ಗೊತ್ತಿತ್ತು. ಮೇಡಂಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವನು ಒಬ್ಬನೇ, ಬಿಸ್ಕತ್ತು ಕಟ್ಟಿಸಿಕೊಂಡು ಹೋದವನು.

ಮಧ್ಯಾಹ್ನದವರೆಗೆ ಅವನು ಮುಟ್ಟಿದ ಕೆಲಸ ಒಂದೂ ಸಾಗಲಿಲ್ಲ. ಸದ್ದನ್ನು ಅಳಿಸಿ ಹಾಕಿ ಸುಮ್ಮನಿರಬಹುದಿತ್ತು. ಗುಂಡಿಯ ಮೇಲೆ ಎರಡು ಸಲ ಬೆರಳಿಟ್ಟ. ಆದರೆ ಸಾವಿರ ಸಲ ಒಬ್ಬಳ ಸುತ್ತ ಗೆರೆ ಎಳೆದವನಿಗೆ ಅವಳ ಮುಂದೆ ಇನ್ನೊಂದು ಸಲ ಸುಳ್ಳು ಹೇಳುವುದು ಯಾಕೋ ಭಾರವಾಯಿತು. ಶಾಲೆ ಬಿಡುವ ಹೊತ್ತಿಗೆ ಫೋನು ಮಾಡಿ, "ಒಬ್ಬಳೇ ಬಾ" ಅಂದ.

ಅವಳು ಬಂದು ಬೆಂಚಿನ ಮೇಲೆ ಕೂತಳು. ಮಂಜಣ್ಣ ಆ ಕೊಳಲಿನ ಭಾಗ ತೋರಿಸಿದ. ಕಪ್ಪು ನೀರು, ಅದರ ಮೇಲೆ ನೀಲಿ ಶಾಲಿನ ಹೆಂಗಸು, ಒಂದೊಂದು ಮಡಿಕೆಯೂ ಸ್ಪಷ್ಟ. ನಗು ಬಂತು, ಎಂಟು ಸೆಕೆಂಡು ನಿಂತಿತು. ಅವಳು ಮುಂದಕ್ಕೆ ಬಾಗಿ ನೋಡಿದಳು.

"ಇದು ನಾನಾ?" ಅಂದಳು. ಮೆಲ್ಲಗೆ, "ಯಾರನ್ನ ನೋಡಿ ನಗ್ತಿದೀನಿ?"

"ನನ್ನನ್ನ."

"ನೀವೇನು ಮಾಡ್ತಿದ್ರಿ?"

ಮಂಜಣ್ಣ ಹೆಡ್‌ಫೋನಿನ ತಂತಿ ಕಿತ್ತು, ಸ್ಪೀಕರಿನಲ್ಲಿ ಸದ್ದು ಹಾಕಿದ. ಕೋಣೆ ತುಂಬ ಗೊರಕೆ. ಹೆಂಡತಿ ಅವನ ಮುಖ ನೋಡಿದಳು, ಪರದೆ ನೋಡಿದಳು, ಮತ್ತೆ ಮುಖ ನೋಡಿದಳು. ಆಮೇಲೆ ನಗಲು ಶುರು ಮಾಡಿದವಳಿಗೆ ನಿಲ್ಲಿಸಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ಹಾಕಿಕೊಂಡಳು, ಮತ್ತೆ ತೆಗೆದಳು. ಕೆಳಗಿನವನು ಯಂತ್ರ ನಿಲ್ಲಿಸಿ, "ಏನಾಯ್ತಣ್ಣ ಮೇಲೆ?" ಅಂತ ಕೂಗಿದ.

"ಏನಿಲ್ಲಪ್ಪಾ, ಎಡಿಟಿಂಗ್!" ಅಂತ ಮಂಜಣ್ಣ ಕೂಗಿದ.

ನಗು ತಗ್ಗಿದ ಮೇಲೆ ಅವಳು ಹೇಳಿದಳು: "ಆ ಜಾಗ ಇದೆಯಲ್ಲ, ಕೊಳಲು ಮಾತ್ರ ಉಳಿಯೋದು. ಪ್ರಾಕ್ಟೀಸಲ್ಲಿ ಒಂದು ಸಲಾನೂ ನನಗೆ ಸರಿ ಬಂದಿರಲಿಲ್ಲ ರೀ. ತಾಳ ಹೇಳೋಕೆ ಮೃದಂಗ ಇರಲ್ಲ, ಎಣಿಕೆ ತಪ್ಪಿಹೋಗುತ್ತೆ. ಅವತ್ತೂ ತಪ್ಪಿತು. ಐದೋ ಆರೋ ಗೊತ್ತಾಗಲಿಲ್ಲ. ಎಲ್ಲರ ಮುಂದೆ ಮಾನ ಹೋಯ್ತು ಅಂದ್ಕೊಂಡೆ. ಆಗ ನೀವು ಗೊರ್ ಅಂದ್ರಿ. ನೋಡಿದ್ರೆ ಬಾಯಿ ತೆರೆದು, ಕತ್ತು ವಾರೆ ಮಾಡಿಕೊಂಡು, ಮನೆ ಸೋಫಾದ ಮೇಲೆ ಮಲಗೋ ಹಾಗೇ ಮಲಗಿದೀರಿ. ನನಗೆ ಭಯಾನೇ ಹೋಯ್ತು. ಎಣಿಸೋದನ್ನ ಬಿಟ್ಟೆ, ಕಾಲು ತಾನೇ ಹೋಯ್ತು."

"ಅಂದ್ರೆ ನಾನು ತಾಳ ಹಾಕಿದೆ ಅನ್ನು."

"ಹಾಕಿದ್ರಿ, ಹಾಕಿದ್ರಿ."

"ಸಿಟ್ಟು ಬರಲಿಲ್ವಾ?"

ಅವಳು ಪರದೆಯ ಮೇಲೆ ನಿಂತುಹೋದ ತನ್ನ ಮುಖವನ್ನು ನೋಡಿದಳು. "ನಿದ್ದೆಗೆ ಬರಲಿಲ್ಲ. ದಣಿದ ಮನುಷ್ಯ, ನಿದ್ದೆ ಬಂತು. ನೀವು ಬಂದು 'ಅದ್ಭುತ' ಅಂದ್ರಲ್ಲ, ಅದಕ್ಕೆ ಬಂತು. ಬಸ್ಸಿಳಿಯೋವರೆಗೂ ಇತ್ತು."

ಮಂಜಣ್ಣ ಮೌಸನ್ನು ಅತ್ತಿತ್ತ ಸರಿಸಿದ. ಆಮೇಲೆ, "ನೀವೆಲ್ಲ ಇನ್ನೊಂದು ಸಲ ಮಾಡ್ತೀರಾ? ಕ್ಯಾಮೆರಾ ತರಲ್ಲ. ಸುಮ್ನೆ ಕೂತು ನೋಡ್ತೀನಿ" ಅಂದ.

"ಶನಿವಾರ ಹತ್ತು ಗಂಟೆಗೆ ಕ್ಲಾಸಿದೆ. ಬರೋದಾದ್ರೆ ತಿಂಡಿ ಕಡಿಮೆ ತಿಂದು ಬನ್ನಿ."

ಶನಿವಾರ ಮಂಜಣ್ಣ ಬಂದಾಗ ಆರೂ ಜನ ಸಾಲಾಗಿ ನಿಂತು ಅವನಿಗೆ ಕುರ್ಚಿ ತೋರಿಸಿದರು. ಮರದ ಕುರ್ಚಿ, ಮೆತ್ತೆ ಇಲ್ಲ, ಒಂದು ಕಾಲು ಕುಂಟು. ನಾದಿನಿಯ ಆಯ್ಕೆ ಅಂತ ಬೇರೆ ಹೇಳಬೇಕಿರಲಿಲ್ಲ. ಹೆಜ್ಜೆಯ ಸದ್ದಿಗೆ ಅಂತ ತಂದಿದ್ದ ಚಿಕ್ಕ ರೆಕಾರ್ಡರನ್ನು ಮೂಲೆಯಲ್ಲಿಟ್ಟು ಕೂತ.

ಚೌಕಟ್ಟಿಲ್ಲದೆ ನೋಡುವುದು ಅವನಿಗೆ ಅಭ್ಯಾಸ ತಪ್ಪಿಹೋಗಿತ್ತು. ಮೊದಲು ಕಣ್ಣು ಎಲ್ಲಿಡಬೇಕೋ ತಿಳಿಯಲಿಲ್ಲ. ಬೆನ್ನು ತೋರಿಸಿ ನಿಂತ ಆರು ಜನರ ಉಸಿರು ಏಳುವುದು ಕಂಡಿತು. ಹಲಗೆ ಅದುರಿದ್ದು ಅವನ ಅಂಗಾಲಿಗೇ ತಿಳಿಯಿತು. ಯಾವ ವಿಡಿಯೊದಲ್ಲೂ ಅದು ಬಂದಿರಲಿಲ್ಲ. ಶಾಲು ಬೀಸಿದಾಗ ಗಾಳಿ ಮುಖಕ್ಕೆ ಬಂತು. ಕೊಳಲಿನ ಜಾಗಕ್ಕೆ ಹೆಂಡತಿ ಮುಂದೆ ಬಂದಾಗ ಇವನ ತುಟಿಯೇ ಎಣಿಸುತ್ತಿತ್ತು. ಇಡೀ ನೃತ್ಯದಲ್ಲಿ ಅವರು ಒಂದು ಸಲವೂ ಸಾಲಾಗಿ ಮುಂದೆ ಬರಲೇ ಇಲ್ಲ.

ಮುಗಿದ ಮೇಲೆ ಅವಳು ಬೆವರು ಒರೆಸಿಕೊಳ್ಳುತ್ತಾ ಬಂದು ಎದುರು ನಿಂತಳು. "ಹೇಗಿತ್ತು ರೀ?"

ಮಂಜಣ್ಣ ಯೋಚಿಸಿ ಹೇಳಿದ: "ನಾಲ್ಕನೇ ಸುತ್ತಲ್ಲಿ ನಿನ್ನ ಎಡಗೈ ತಡವಾಯ್ತು. ಅದನ್ನ ಮುಚ್ಚೋಕೆ ಶಾಲನ್ನ ಜೋರಾಗಿ ಎಳ್ಕೊಂಡೆ."

"ಹೌದು!" ಅಂದಳು ಹೆಂಡತಿ, ಬಹುಮಾನ ಬಂದವಳ ಹಾಗೆ. ತಂಗಿಯ ಕಡೆ ತಿರುಗಿ, "ನೋಡಿದ್ಯೇನೇ? ಕಂಡುಹಿಡಿದ್ರು!"

ಅಲ್ಲಿಂದ ಮುಂದೆ ಕೆಲಸ ನೀರು ಕುಡಿದಷ್ಟು ಸುಲಭವಾಯಿತು. ಮಂಜು ತೆಗೆದ. ಏಳು ನೆರಳಲ್ಲಿ ಆರನ್ನು ತೆಗೆದ. ಮುಖಗಳೆಲ್ಲ ಕನ್ನಡಿಯಷ್ಟು ಚೊಕ್ಕ ಉಳಿದವು; ಹಿಂದುಮುಂದು ಮಾತ್ರ ತಪ್ಪಿಸಿದ. ಶಾಲು ಮೊದಲು ನೆಲಕ್ಕೆ ಬೀಳುತ್ತದೆ, ಬೀಸುವ ಕೈ ಆಮೇಲೆ ಬರುತ್ತದೆ. ಒಬ್ಬಳು ಶುರು ಮಾಡಿದ ಸುತ್ತನ್ನು ಇನ್ನೊಬ್ಬಳು ಮುಗಿಸುತ್ತಾಳೆ. ಶನಿವಾರದ ಹೆಜ್ಜೆಯ ಸದ್ದು ಪಾದ ಇಳಿಯುವುದಕ್ಕೆ ಒಂದು ಕ್ಷಣ ಮುಂಚೆಯೇ ಕೇಳಿಸುತ್ತದೆ. ನಗುವನ್ನು ಎಂಟರಿಂದ ಮೂರು ಸೆಕೆಂಡಿಗೆ ಇಳಿಸಿದ. ಅಷ್ಟು ಸಾಕು ಅನ್ನಿಸಿತು.

ಹತ್ತನೇ ವರ್ಷದ ಕಾರ್ಯಕ್ರಮದಲ್ಲಿ ದೊಡ್ಡ ಪರದೆಯ ಮೇಲೆ ಅದು ಬಂದಾಗ ಸಭೆ ಚೆನ್ನಾಗಿಯೇ ಸುಮ್ಮನಾಯಿತು. ಎಲ್ಲರಿಗೂ ಹಿಡಿಸಿತು ಅಂತಲ್ಲ. ಎತ್ತರದ ಹೆಂಗಸು ತನ್ನ ಮುಖ ಬಂದದ್ದು ಒಂಬತ್ತೇ ಸಲ ಅಂತ ಮುನಿಸಿಕೊಂಡರು. ಇನ್ನೊಬ್ಬರ ಗಂಡ, "ಸ್ವಲ್ಪ ಮಂಜು ಇದ್ದಿದ್ರೆ ಚೆನ್ನಾಗಿರ್ತಿತ್ತು" ಅಂತ ಪ್ರಾಮಾಣಿಕವಾಗಿ ಹೇಳಿದರು. ಡಾನ್ಸ್ ಮೇಡಂ ದೀಪ ಹತ್ತಿದ ಮೇಲೂ ಸ್ವಲ್ಪ ಹೊತ್ತು ಕೂತೇ ಇದ್ದು, ಆಮೇಲೆ ಎದ್ದು ಬಂದು, ಆರೇಳು ವರ್ಷದ ಮಕ್ಕಳ ತಂಡದ್ದೂ ಒಂದು ಮಾಡಿಕೊಡಿ ಅಂದರು. ಮೂವತ್ತೆರಡು ಮಕ್ಕಳು, ಮೂವತ್ತೆರಡು ದಿಕ್ಕು.

"ಮೊದಲು ಪ್ರಾಕ್ಟೀಸ್ ನೋಡ್ತೀನಿ ಮೇಡಂ. ಕ್ಯಾಮೆರಾ ಆಮೇಲೆ" ಅಂದ ಮಂಜಣ್ಣ. ಹೆಂಡತಿ ಪಕ್ಕದಲ್ಲೇ ಇದ್ದಳು. ಅವನ ಕಾಲರು ಸರಿ ಮಾಡಿದಳು.

ಮಂಗಳವಾರ ಸಂಜೆ ಅವನು ಹೋಗಿ ಗೋಡೆಬದಿಯ ಬೆಂಚಿನಲ್ಲಿ ಕೂತ. ಒಬ್ಬಳು ಪುಟ್ಟ ಹುಡುಗಿ ಕಾಲುಚೀಲ ಕಳೆದುಕೊಂಡು ಹುಡುಕುತ್ತಾ ಬಂದವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀವು ಯಾರ ಅಪ್ಪ?"

"ಯಾರ ಅಪ್ಪನೂ ಅಲ್ಲಮ್ಮ. ಹೈಸ್ಕೂಲಲ್ಲಿ ಗಣಿತ ಹೇಳಿಕೊಡ್ತಾರಲ್ಲ, ಆ ಟೀಚರ ಗಂಡ."

ಹುಡುಗಿ ಹುಡುಕುವುದನ್ನು ನಿಲ್ಲಿಸಿದಳು. "ನಮ್ಮಕ್ಕನಿಗೆ ಅವರೇ ಟೀಚರ್" ಅಂದಳು. ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ತುಂಬಾ ಕನಿಕರದಿಂದ, "ಪಾಪ" ಅಂದಳು.

ಮಂಜಣ್ಣ ಗಹಗಹಿಸಿ ನಕ್ಕ. ಆಮೇಲೆ ಬೆಂಚಿನಿಂದಿಳಿದು, ಮೊಣಕಾಲೂರಿ, ಅವಳ ಜೊತೆ ಕಾಲುಚೀಲ ಹುಡುಕಲು ಶುರು ಮಾಡಿದ.